ಗೇರಿಲ್ಲದ ಸೈಕಲ್‌ಗೆ ಊರಿನ ನೆಲ ಒಗ್ಗುವುದು ಹೇಗೆ

ಬೆಂಗಳೂರಿನಲ್ಲಿ ಸಿಂಗಲ್ ಸ್ಪೀಡ್ ಸೈಕಲ್ ತಗೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಎಲ್ಲಿ ನೋಡಿದರೂ ಅಪ್ಪು-ಡೌನು, ಗೇರಿಲ್ಲದೆ ಮಂಡಿ ಹೋಗುತ್ತದೆ ಅನ್ನುವುದು ಒಂದು. ಹಾಲಿನ ಕ್ಯಾನು, ತರಕಾರಿ ಮೂಟೆ, ಗ್ಯಾಸ್ ಸಿಲಿಂಡರ್ ಹೇರಿಕೊಂಡು ಕರಿ ಸೈಕಲ್‌ಗಳು ಇದೇ ಊರಲ್ಲಿ ಗೇರಿಲ್ಲದೆ ಓಡಾಡಿಲ್ಲವೇ ಅನ್ನುವುದು ಇನ್ನೊಂದು. ಎರಡೂ ಉತ್ತರ ಊರನ್ನು ಇಡಿಯಾಗಿ ನೋಡುತ್ತವೆ. ನೀವು ದಿನಾ ತುಳಿಯುವುದಾದರೋ ಮನೆಯಿಂದ ಆಫೀಸಿನವರೆಗಿನ ಒಂದು ದಾರಿ. ಆ ದಾರಿಯ ಏರು ಎಷ್ಟು ಕಡಿದು, ಎಷ್ಟು ಉದ್ದ, ಏರಿನ ಬುಡದಲ್ಲಿ ಸಿಗ್ನಲ್ ಇದೆಯೋ ಇಲ್ಲವೋ, ಒಟ್ಟು ಎಷ್ಟು ಸಲ ನಿಂತು ಮತ್ತೆ ಹೊರಡಬೇಕು ಎಂಬುದರಲ್ಲಿ ಉತ್ತರ ಇದೆ. ಕೊನೆಯ ಎರಡನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೊದಲು ಎರಡು ಬಗೆಯ ಸೈಕಲ್‌ಗಳ ವ್ಯತ್ಯಾಸ. ಸಿಂಗಲ್ ಸ್ಪೀಡ್ ಎಂದರೆ ಮುಂದೆ ಒಂದೇ ಚೈನ್‌ವೀಲ್, ಹಿಂದೆ ಒಂದೇ ಫ್ರೀವೀಲ್. ತುಳಿಯುವುದು ನಿಲ್ಲಿಸಿದರೆ ಪೆಡಲ್ ನಿಲ್ಲುತ್ತದೆ, ಚಕ್ರ ಓಡುತ್ತಿರುತ್ತದೆ. ನಮ್ಮ ಹಳೇ ಅಟ್ಲಾಸ್, ಹೀರೋ ಸೈಕಲ್‌ಗಳೆಲ್ಲ ಇದೇ ಜಾತಿ. ಫಿಕ್ಸೆಡ್ ಗೇರ್‌ನಲ್ಲಿ ಫ್ರೀವೀಲ್ ಇರುವುದಿಲ್ಲ. ಹಿಂದಿನ ಹಲ್ಲುಚಕ್ರ ಚಕ್ರದ ನಡುವಿನ ಹಬ್‌ಗೆ ಬಿಗಿಯಾಗಿ ಕೂತಿರುತ್ತದೆ, ಹಾಗಾಗಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು, ಇಳಿಜಾರಿನಲ್ಲೂ. ಏರಿನಲ್ಲಿ ಇಬ್ಬರ ಕಷ್ಟವೂ ಹೆಚ್ಚುಕಡಿಮೆ ಒಂದೇ. ಇಳಿಜಾರು, ಹಂಪ್ಸ್, ತಿರುವು ಬಂದಾಗ ಇಬ್ಬರ ದಾರಿ ಬೇರೆಯಾಗುತ್ತದೆ.

ಹಲ್ಲಿನ ಲೆಕ್ಕ

ಮುಂದಿನ ಚೈನ್‌ವೀಲ್‌ನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ. ಮುಂದೆ 44, ಹಿಂದೆ 18 ಇದ್ದರೆ 2.44. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು. 700×28 ಅಳತೆಯ, ಅಂದರೆ 28 ಮಿಲಿಮೀಟರ್ ಅಗಲದ ಟಯರಿನ ಸುತ್ತಳತೆ ಸುಮಾರು 2.14 ಮೀಟರ್, ಹಾಗಾಗಿ ಒಂದು ತುಳಿತದ ಸುತ್ತಿಗೆ ಸೈಕಲ್ 5.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 25 ಕಿಲೋಮೀಟರ್. ಮುಂದೆ 48, ಹಿಂದೆ 16 ಹಾಕಿದರೆ ಒಂದು ಸುತ್ತಿಗೆ 6.4 ಮೀಟರ್, ಅದೇ 25ರ ವೇಗಕ್ಕೆ 65 ಸುತ್ತು ಸಾಕು. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ. ಏರು ಬಂದಾಗ ಸಾಲ ತೀರಿಸಬೇಕಾಗುತ್ತದೆ.

ಸವಾರ, ಸೈಕಲ್, ಬ್ಯಾಗ್ ಎಲ್ಲ ಸೇರಿ 80 ಕಿಲೋ, ಪೆಡಲ್ ಕೂರಿಸಿರುವ ತೋಳಿನ, ಅಂದರೆ ಕ್ರ್ಯಾಂಕ್‌ನ ಉದ್ದ 170 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 44/18ರಲ್ಲಿ ಮಟ್ಟಸ ರಸ್ತೆಯಲ್ಲಿ 20ರ ವೇಗದಲ್ಲಿ ಹೋಗಲು ಪೆಡಲ್ ಮೇಲೆ ಬೇಕಾಗುವುದು ಸರಾಸರಿ 7 ಕಿಲೋ ಒತ್ತಡ ಮಾತ್ರ. ಶೇ. 4ರ ಏರಿನಲ್ಲಿ, ಅಂದರೆ 100 ಮೀಟರ್ ಹೋದರೆ 4 ಮೀಟರ್ ಏರುವ ರಸ್ತೆಯಲ್ಲಿ, ಅದು ಸುಮಾರು 20 ಕಿಲೋ ಆಗುತ್ತದೆ. ಶೇ. 8ಕ್ಕೆ 35 ಕಿಲೋ. ಶೇ. 10ಕ್ಕೆ 43 ಕಿಲೋ. ಇದು ಸರಾಸರಿ. ಕ್ರ್ಯಾಂಕ್ ನೆಟ್ಟಗೆ ಮೇಲೆ-ಕೆಳಗೆ ಇರುವಾಗ ಒತ್ತಡ ಬೀಳುವುದೇ ಇಲ್ಲ, ಅಡ್ಡಲಾಗಿ ಬಂದಾಗ ಸರಾಸರಿಯ ಒಂದೂವರೆ ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಹಾಗಾಗಿ ಶೇ. 10ರ ಏರಿನಲ್ಲಿ ಪ್ರತಿ ತುಳಿತಕ್ಕೂ 70 ಕಿಲೋದವರ ಇಡೀ ಮೈತೂಕ ಪೆಡಲ್ ಮೇಲೆ ಇಳಿಯಬೇಕು. ಸೀಟಿನಿಂದ ಎದ್ದು ನಿಂತು, ಹ್ಯಾಂಡಲ್ ಎಳೆದು ಹಿಡಿದು ಮಾಡುವ ಕೆಲಸ ಅದು. ನೂರು ಮೀಟರ್ ಮಾಡಬಹುದು. ಒಂದು ಕಿಲೋಮೀಟರ್ ಮಾಡುವವರು ಕಡಿಮೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗೇರ್ ಇರುವ ಸೈಕಲ್‌ನಲ್ಲಿ ಸುಸ್ತಾದರೆ ಗೇರ್ ಇಳಿಸಿ ನಿಧಾನ ಹೋಗಬಹುದು, ಕಾಲಿನ ಮೇಲಿನ ಭಾರ ಇಳಿಯುತ್ತದೆ. ಸಿಂಗಲ್ ಸ್ಪೀಡ್‌ನಲ್ಲಿ ನಿಧಾನ ಮಾಡಿದರೆ ಉಸಿರಾಟಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ, ಕಾಲಿಗೆ ಸಿಗುವುದಿಲ್ಲ. ಶೇ. 8ರ ಏರನ್ನು 14ರ ವೇಗದಲ್ಲಿ ಹತ್ತಿದರೂ 8ರ ವೇಗದಲ್ಲಿ ಹತ್ತಿದರೂ ಪ್ರತಿ ತುಳಿತಕ್ಕೆ ಬೇಕಾದ ಒತ್ತಡ ಅಷ್ಟೇ. ನಿಧಾನವಾದಷ್ಟೂ ಆ ಒತ್ತಡವನ್ನು ಮಂಡಿ ಹೆಚ್ಚು ಹೊತ್ತು ತಡೆಯಬೇಕು. ನಿಮಿಷಕ್ಕೆ 40 ಸುತ್ತಿಗಿಂತ ಕೆಳಗೆ ಇಳಿದು, ಸೀಟಲ್ಲೇ ಕೂತು ತುಳಿಯುವವರಿಗೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುವುದು ಇದರಿಂದಲೇ. ಏರು ಬಂದರೆ ಬೇಗ ಎದ್ದು ನಿಲ್ಲಿ. ಅಷ್ಟಾದರೂ ಸುತ್ತು ನಿಲ್ಲುವ ಹಾಗಾದರೆ ಇಳಿದು ತಳ್ಳಿ. ಮೂಟೆ ಹೇರಿದ ಕರಿ ಸೈಕಲ್‌ನವರೂ ಅದನ್ನೇ ಮಾಡುತ್ತಿದ್ದರು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸಿಗ್ನಲ್ ಕೂಡ ಒಂದು ಏರು

25ರ ವೇಗದಲ್ಲಿ ಓಡುತ್ತಿರುವ ಸೈಕಲ್ ತನ್ನಲ್ಲಿ ಇಟ್ಟುಕೊಂಡಿರುವ ಶಕ್ತಿ, ಅದೇ ಸೈಕಲ್ಲನ್ನೂ ಸವಾರನನ್ನೂ ಎರಡೂವರೆ ಮೀಟರ್ ಮೇಲಕ್ಕೆ ಎತ್ತಲು ಸಾಕು. ಬ್ರೇಕ್ ಹಾಕಿ ನಿಂತರೆ ಅದಷ್ಟೂ ರಿಮ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಹೊರಟು 25 ಮುಟ್ಟಲು ಎರಡೂವರೆ ಮೀಟರ್ ಏರಿದಷ್ಟೇ ಕೆಲಸ. ನಿಮ್ಮ ದಾರಿಯಲ್ಲಿ 12 ಕಡೆ ಪೂರ್ತಿ ನಿಲ್ಲಬೇಕೆಂದರೆ ಅದು 30 ಮೀಟರ್ ಏರು, ಹತ್ತು ಮಹಡಿ ಕಟ್ಟಡದಷ್ಟು. ಬೆಂಗಳೂರಿನ ನಡುಭಾಗದಲ್ಲಿ ಎಂಟು ಕಿಲೋಮೀಟರ್ ದಾರಿಗೆ ನಿಜವಾದ ಏರಿಗಿಂತ ಈ ಲೆಕ್ಕವೇ ದೊಡ್ಡದಾಗುವುದು ಮಾಮೂಲು.

ಇದನ್ನೇ ತಿರುಗಿಸಿ ನೋಡಿ. 25ರ ವೇಗದಲ್ಲಿ ಶೇ. 3ರ ಏರಿನ ಬುಡಕ್ಕೆ ಬಂದರೆ, ಗಾಳಿ ಮತ್ತು ಟಯರಿನ ಎಳೆತ ಕಳೆದ ಮೇಲೂ ಸುಮಾರು 60 ಮೀಟರ್ ದೂರ ಆ ವೇಗವೇ ನಿಮ್ಮನ್ನು ಹತ್ತಿಸುತ್ತದೆ. ಬುಡದಲ್ಲೇ ಕೆಂಪು ದೀಪ ಬಿದ್ದರೆ ಆ 60 ಮೀಟರನ್ನು ಕಾಲಿನಿಂದಲೇ, ಸೊನ್ನೆಯಿಂದಲೇ ಹತ್ತಬೇಕು. ನಕ್ಷೆಯಲ್ಲಿ ಒಂದೇ ರೀತಿ ಕಾಣುವ ಎರಡು ಏರುಗಳಲ್ಲಿ ಒಂದು ಸಲೀಸು, ಇನ್ನೊಂದು ಯಾತನೆ ಅನ್ನಿಸುವುದಕ್ಕೆ ಸಾಮಾನ್ಯವಾಗಿ ಬುಡದ ಸಿಗ್ನಲ್ಲೇ ಕಾರಣ. ರೈಲ್ವೆ ಅಂಡರ್‌ಪಾಸ್ ಇದರ ಒಳ್ಳೆಯ ಮುಖ. ಐದು ಮೀಟರ್ ಇಳಿದು ಐದು ಮೀಟರ್ ಏರುವ ಕಡೆ, ತಳದಲ್ಲಿ ಟ್ರಾಫಿಕ್ ನಿಂತಿಲ್ಲದಿದ್ದರೆ, ಸಿಂಗಲ್ ಸ್ಪೀಡ್‌ನವರು ಇಳಿದ ವೇಗದಲ್ಲೇ ಮುಕ್ಕಾಲುಪಾಲು ಹತ್ತಿಬಿಡುತ್ತಾರೆ. ಮಳೆ ಬಂದ ದಿನ ಈ ಲೆಕ್ಕ ಮರೆತುಬಿಡಿ: ನೀರು, ಮಣ್ಣು, ಎಣ್ಣೆ ಎಲ್ಲವೂ ಬಂದು ಸೇರುವುದು ಆ ತಳಕ್ಕೇ.

ಬೆಂಗಳೂರಿನ ನೆಲ

ಬೆಂಗಳೂರು ಒಂದು ದಿಬ್ಬದ ಬೆನ್ನ ಮೇಲೆ ಕೂತಿದೆ. ಉತ್ತರದಿಂದ ದಕ್ಷಿಣಕ್ಕೆ ಸಾಗುವ ಆ ಬೆನ್ನಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿಯಾಗಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನಗರದ ನೆತ್ತಿ ಎಂದು ಕರೆಯುವ ದೊಡ್ಡಬೆಟ್ಟಹಳ್ಳಿ 962 ಮೀಟರ್ ಎತ್ತರದಲ್ಲಿದೆ. ನಗರದ ಹಳೆಯ ಭಾಗದ ಏರುಗಳು ಬಹುತೇಕ ಶೇ. 2ರಿಂದ 5ರ ಒಳಗಿನವು, ಕೆಲವು ನೂರು ಮೀಟರಿಗೆ ಮುಗಿಯುವಂಥವು. 44/18ಕ್ಕೆ ಇದು ಒಗ್ಗುವ ನೆಲ.

ದಾರಿ ಆರಿಸುವಾಗ ಈ ಕಣಿವೆಗಳ ನಕ್ಷೆ ತಲೆಯಲ್ಲಿದ್ದರೆ ಬಹಳ ಉಪಯೋಗ. ದಿಬ್ಬದ ಬೆನ್ನಿನ ಉದ್ದಕ್ಕೆ ಹೋಗುವ ರಸ್ತೆ ಹೆಚ್ಚುಕಡಿಮೆ ಮಟ್ಟಸ. ರಾಜಕಾಲುವೆಯ ಪಕ್ಕದಲ್ಲೇ ಸಾಗುವುದೂ ಹಾಗೆಯೇ. ಕಾಲುವೆಯನ್ನು ಅಡ್ಡ ದಾಟುವ ರಸ್ತೆಗಳಲ್ಲಿ ಮಾತ್ರ ಇಳಿ, ಏರು, ಮತ್ತೆ ಇಳಿ. ಹಳೇ ಕೆರೆಯಂಗಳಗಳಿಂದ ಹೊರಡುವ ರಸ್ತೆಗಳು ಯಾವ ಕಡೆ ಹೋದರೂ ಏರುತ್ತವೆ ಎಂದೇ ಇಟ್ಟುಕೊಳ್ಳಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಅಲ್ಲಿಂದ ಆನಂದರಾವ್ ಸರ್ಕಲ್ ದಾಟಿ ರೇಸ್‌ಕೋರ್ಸ್ ಕಡೆ ಹೊರಟವರಿಗೆ ಕಾಲಿನಲ್ಲೇ ಇದು ಗೊತ್ತಾಗುತ್ತದೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಂಗಳ. ಅಲ್ಲಿಂದ ಕಬ್ಬನ್ ಪಾರ್ಕ್ ಕಡೆಗೂ ಏರೇ. ಬೆಳ್ಳಂದೂರಿನ ಕಡೆ ಮನೆ, ಎಂ.ಜಿ. ರಸ್ತೆಯ ಕಡೆ ಆಫೀಸ್ ಇದ್ದವರು ಬೆಳಗ್ಗೆ ಹೋಗುವಾಗ ಒಟ್ಟಾರೆ ಏರುತ್ತಾರೆ, ಸಂಜೆ ಇಳಿಯುತ್ತಾರೆ. ಹಲ್ಲು ಆರಿಸುವಾಗ ಬೆಳಗಿನ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ನೀರು ಹರಿದ ಜಾಡು ಹಿಡಿದರೆ ಏರು ತಪ್ಪುತ್ತದೆ ಅನ್ನುವುದಕ್ಕೆ ಲೋಕದಲ್ಲಿ ಹೆಸರಾದ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋದ್ದು. ಫಿಲ್ಬರ್ಟ್ ಸ್ಟ್ರೀಟ್‌ನ ಒಂದು ತುಂಡಿನಲ್ಲಿ ಶೇ. 31.5ರ ಏರಿರುವ ಊರು ಅದು. ಅಲ್ಲೇ ‘ದಿ ವಿಗಲ್’ ಎಂಬ, ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಸೊಟ್ಟಸೊಟ್ಟ ಸೈಕಲ್ ದಾರಿ ಇದೆ. ಹಿಂದೆ ತೊರೆಯೊಂದು ಹರಿದ ಕಣಿವೆಯ ತಳ ಹಿಡಿದು, ಬೀದಿಯಿಂದ ಬೀದಿಗೆ ಎಡಕ್ಕೆ ಬಲಕ್ಕೆ ತಿರುಗುತ್ತಾ, ಗುಡ್ಡಗಳ ನಡುವೆ ನುಸುಳಿ ಗೋಲ್ಡನ್ ಗೇಟ್ ಪಾರ್ಕ್ ಕಡೆ ಸೇರಿಸುತ್ತದೆ. ಏರು ಸರಾಸರಿ ಶೇ. 3ರಷ್ಟು, ಎಲ್ಲೂ 6 ಮೀರುವುದಿಲ್ಲ. ಅಷ್ಟು ಗುಡ್ಡದ ಊರಿನಲ್ಲೂ ಗೇರಿಲ್ಲದ ಸೈಕಲ್ ಓಡುವುದು ಇಂಥ ದಾರಿಗಳಿಂದ. ಬೆಂಗಳೂರಿನ ಬಡಾವಣೆಗಳ ಕ್ರಾಸ್‌ಗಳಲ್ಲಿ ಹೀಗೆ ಸೊಟ್ಟ ಹೋಗುವ ದಾರಿ ಹುಡುಕಿದರೆ ಖಂಡಿತ ಸಿಗುತ್ತದೆ, ಸಿಗ್ನಲ್‌ಗಳೂ ಕಡಿಮೆಯಾಗುತ್ತವೆ. ಎರಡು ಕಿಲೋಮೀಟರ್ ಹೆಚ್ಚಾದರೂ ಅದೇ ಲಾಭ.

ಬೇರೆ ಊರುಗಳು. ಮೈಸೂರು ಸಿಂಗಲ್ ಸ್ಪೀಡ್‌ಗೆ ನಮ್ಮ ರಾಜ್ಯದ ಅತ್ಯುತ್ತಮ ಊರುಗಳಲ್ಲಿ ಒಂದು: ನಿಧಾನದ ಏರು, ಅಗಲ ರಸ್ತೆ. 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಸಾರ್ವಜನಿಕ ಸೈಕಲ್ ಯೋಜನೆಯ ಬಹುಪಾಲು ಸೈಕಲ್‌ಗಳಿಗೆ ಗೇರಿರಲಿಲ್ಲ. ಚಾಮುಂಡಿ ಬೆಟ್ಟದ ಮಾತು ಬೇರೆ; ಅದು ಕಿಲೋಮೀಟರ್‌ಗಟ್ಟಲೆ ಬಿಡುವಿಲ್ಲದ ಏರು, ನಂದಿ ಬೆಟ್ಟದ ಹಾಗೆ. ಮಂಗಳೂರಿನಲ್ಲಿ ಬಂದರಿನ ಕಡೆಯಿಂದ ಬಾವುಟಗುಡ್ಡೆಗೋ ಕದ್ರಿಗೋ ಹತ್ತಬೇಕಾದವರಿಗೆ ಗೇರ್ ಇರುವ ಸೈಕಲ್ಲನ್ನೇ ಹೇಳಬೇಕು. ಕೆಂಪುಕಲ್ಲಿನ ಗುಡ್ಡಗಳ ಮೇಲೆ ಕಟ್ಟಿದ ಊರು ಅದು, ಏರು ಗಿಡ್ಡ ಆದರೆ ಕಡಿದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒದ್ದೆ. ಹಟ ಹಿಡಿದು ಸಿಂಗಲ್ ಸ್ಪೀಡೇ ಬೇಕೆಂದರೆ 42/20.

ರಾಯಚೂರು, ಬಳ್ಳಾರಿ, ದಾವಣಗೆರೆ ಕಡೆಯವರಿಗೆ ಏರಿನ ಚಿಂತೆ ಇಲ್ಲ, ಗಾಳಿಯದ್ದಿದೆ. ಬಯಲುಸೀಮೆಯಲ್ಲಿ ಮುಂಗಾರಿನ ಪಡುವಣ ಗಾಳಿ ಹೇಗೆ ಬೀಸುತ್ತದೆ ಅನ್ನುವುದು ಗದಗ, ಚಿತ್ರದುರ್ಗದ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. 20ರ ವೇಗದಲ್ಲಿ ಹೋಗುವಾಗ ಎದುರಿಂದ 20ರ ಗಾಳಿ ಬಂದರೆ, ನೆಟ್ಟಗೆ ಕೂತ ಸವಾರನಿಗೆ ಅದು ಶೇ. 3ರ ಏರಿಗೆ ಸಮ. ಆ ಏರು ಎಲ್ಲೂ ಮುಗಿಯುವುದಿಲ್ಲ. ಮಟ್ಟಸ ಊರು ಎಂದು 48/16 ಹಾಕಿಕೊಂಡವರು ಜುಲೈನಲ್ಲಿ ಪರಿತಪಿಸುತ್ತಾರೆ.

ಫಿಕ್ಸೆಡ್‌ನಲ್ಲಿ ಇಳಿಯುವುದೇ ಕಷ್ಟ

ಹೊಸಬರಿಗೆ ಏರಿನ ಭಯ. ಫಿಕ್ಸೆಡ್ ಗೇರ್‌ನಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಇಳಿಜಾರಿನಲ್ಲಿ. 44/18ರಲ್ಲಿ 40ರ ವೇಗ ಮುಟ್ಟಿದರೆ ಕಾಲು ನಿಮಿಷಕ್ಕೆ 128 ಸುತ್ತು ತಿರುಗುತ್ತಿರುತ್ತದೆ, 50ಕ್ಕೆ 160. ಅಭ್ಯಾಸ ಇಲ್ಲದವರು 120 ದಾಟಿದ ಮೇಲೆ ಸೀಟಿನ ಮೇಲೆ ಕುಪ್ಪಳಿಸಲು ಶುರುಮಾಡುತ್ತಾರೆ, ಆಮೇಲೆ ಕಾಲು ಪೆಡಲ್‌ನಿಂದ ಜಾರುತ್ತದೆ. ಜಾರಿದ ಪೆಡಲ್ ತಿರುಗುತ್ತಲೇ ಇದ್ದು ಮೀನಖಂಡಕ್ಕೋ ಕಣಕಾಲಿಗೋ ಬಡಿಯುತ್ತದೆ. ಅದಕ್ಕೇ ಫಿಕ್ಸೆಡ್‌ಗೆ ಪೆಡಲ್ ಮೇಲೆ ಪಾದ ಹಿಡಿದಿಡುವ ಸ್ಟ್ರ್ಯಾಪ್ ಬೇಕೇಬೇಕು. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ. ವೇಗ ಹಿಡಿದ ಮೇಲೆ ಕಾಲಿನಿಂದ ತಡೆಯುವುದು ಕಷ್ಟ.

ಮುಂದಿನ ಬ್ರೇಕ್ ಇಲ್ಲದೆ ನಮ್ಮ ಯಾವ ಊರಲ್ಲೂ ಫಿಕ್ಸೆಡ್ ಓಡಿಸಬೇಡಿ. ಕಾಲಿನಿಂದ ಹಿಂದಕ್ಕೆ ಒತ್ತುವುದಾಗಲಿ, ಹಿಂದಿನ ಚಕ್ರ ಲಾಕ್ ಮಾಡಿ ಜಾರಿಸುವುದಾಗಲಿ ಕೆಲಸ ಮಾಡುವುದು ಹಿಂದಿನ ಚಕ್ರದ ಮೇಲೆ. ವೇಗ ತಗ್ಗುವಾಗ ತೂಕ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟಯರಿನ ಹಿಡಿತ ಬೇಕಾದಾಗಲೇ ಕಡಿಮೆಯಾಗುತ್ತದೆ. ಒಣ, ಮಟ್ಟಸ ರಸ್ತೆಯಲ್ಲಿ 25ರ ವೇಗದಿಂದ ಹಿಂದಿನ ಚಕ್ರ ಮಾತ್ರ ಬಳಸಿ ನಿಲ್ಲಲು ಸುಮಾರು 10 ಮೀಟರ್ ಬೇಕು. ಮುಂದಿನ ಬ್ರೇಕ್ ಸರಿಯಾಗಿ ಹಿಡಿದರೆ 5 ಮೀಟರ್. ಆಟೋ ಏಕಾಏಕಿ ಎಡಕ್ಕೆ ಎಳೆದಾಗ ಆ 5 ಮೀಟರಿನ ಬೆಲೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ, ಮಳೆಯಲ್ಲಿ ಎರಡೂ ಅಳತೆ ಉದ್ದವಾಗುತ್ತವೆ, ನಡುವಿನ ಅಂತರವೂ ಹಿಗ್ಗುತ್ತದೆ.

ಚಕ್ರ ಜಾರಿಸುವ ಅಭ್ಯಾಸ ಇದ್ದವರಿಗೆ ಹಲ್ಲಿನ ಸಂಖ್ಯೆ ಇನ್ನೊಂದು ಕಡೆ ಲೆಕ್ಕಕ್ಕೆ ಬರುತ್ತದೆ. ಯಾವಾಗಲೂ ಒಂದೇ ಕಾಲು ಮುಂದಿಟ್ಟು ಜಾರಿಸಿದರೆ ಟಯರು ಕೆಲವೇ ಜಾಗಗಳಲ್ಲಿ ಸವೆಯುತ್ತದೆ. ಎಷ್ಟು ಜಾಗ ಅನ್ನುವುದು, ಹಲ್ಲುಗಳ ಭಿನ್ನರಾಶಿಯನ್ನು ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಸಂಖ್ಯೆ. 48/16 ಎಂದರೆ 3/1, ಇಡೀ ಟಯರಿನಲ್ಲಿ ಒಂದೇ ಜಾಗ. ವಾರಗಳಲ್ಲಿ ದಾರ ಕಾಣುತ್ತದೆ. 44/16 ಎಂದರೆ 11/4, ನಾಲ್ಕು ಜಾಗ. 44/18ಕ್ಕೆ 9. 46/17ಕ್ಕೆ 17, ಅದಕ್ಕೇ ಆ ಜೋಡಿ ಅಷ್ಟು ಜನಪ್ರಿಯ.

ಹಂಪ್ಸ್ ನಮ್ಮ ರಸ್ತೆಗಳ ದೊಡ್ಡ ತೊಂದರೆ. ಸಿಂಗಲ್ ಸ್ಪೀಡ್‌ನಲ್ಲಿ ಎರಡೂ ಪೆಡಲ್ ಸಮಕ್ಕೆ ತಂದು, ಸೀಟಿನಿಂದ ಸ್ವಲ್ಪ ಎದ್ದು ದಾಟಬಹುದು. ಫಿಕ್ಸೆಡ್‌ನಲ್ಲಿ ಪೆಡಲ್ ನಿಲ್ಲುವುದಿಲ್ಲ, ಹಂಪ್ಸ್‌ನ ನೆತ್ತಿಗೆ ಬರುವಾಗ ಕೆಳಗಿರುವ ಪೆಡಲ್ ತಗಲಬಹುದು. ತಿರುವಿನಲ್ಲಿ ವಾಲಿದಾಗಲೂ ಅದೇ ಅಪಾಯ: ಪೆಡಲ್ ನೆಲಕ್ಕೆ ತಗಲಿದರೆ ಹಿಂದಿನ ಚಕ್ರ ಮೇಲೆದ್ದು ಪಕ್ಕಕ್ಕೆ ಹಾರುತ್ತದೆ. 170ರ ಬದಲು 165 ಮಿಲಿಮೀಟರ್ ಕ್ರ್ಯಾಂಕ್ ಹಾಕಿದರೆ ಸ್ವಲ್ಪ ಅನುಕೂಲ. ಹಂಪ್ಸ್ ಮತ್ತು ಗುಂಡಿಗಳೇ ಹೆಚ್ಚಾಗಿರುವ ದಾರಿಗೆ ಫಿಕ್ಸೆಡ್‌ಗಿಂತ ಫ್ರೀವೀಲ್ ಒಳ್ಳೆಯದು. ಇಬ್ಬರಿಗೂ ಟಯರು 28 ಅಥವಾ 32 ಇರಲಿ. 70 ಕಿಲೋ ಸವಾರನಿಗೆ 32ರ ಟಯರಿನಲ್ಲಿ 60ರಿಂದ 70 ಪಿಎಸ್‌ಐ ಗಾಳಿ ಸಾಕು. ಅದಕ್ಕಿಂತ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್‌ಗೆ ಸಿಕ್ಕಿ ಎರಡು ತೂತು ಒಟ್ಟಿಗೆ ಬೀಳುತ್ತವೆ.

ನಿಮ್ಮ ದಾರಿ ಅಳೆಯುವುದು

ಏರಿನ ಶೇಕಡಾವಾರು ತಿಳಿಯಲು ಆ್ಯಪ್ ಬೇಕೆಂದೇ ಇಲ್ಲ. ಸರಿಯಾಗಿ ಒಂದು ಮೀಟರ್ ಉದ್ದದ ನೇರ ಪಟ್ಟಿ, ಗಾರೆ ಮೇಸ್ತ್ರಿಯ ಮಟ್ಟಗೋಲು, ಒಂದು ಸ್ಕೇಲು ಸಾಕು. ಪಟ್ಟಿಯ ಒಂದು ತುದಿ ಏರಿನ ಕಡೆ ನೆಲಕ್ಕೆ ತಾಗಿರಲಿ. ಇಳಿಯ ಕಡೆಯ ತುದಿಯನ್ನು ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ, ಆ ತುದಿಯ ಅಡಿಯ ಸಂದು ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. 4 ಸೆಂಟಿಮೀಟರ್ ಇದ್ದರೆ ಶೇ. 4. ಇದನ್ನು ದಾರಿಯ ಅತಿ ಕಡಿದಾದ ಏರಿನಲ್ಲಿ ಮೂರು ಕಡೆ, ವಾಹನ ಓಡಾಡದ ಹೊತ್ತಿನಲ್ಲಿ, ರಸ್ತೆಯ ಅಂಚಿನಲ್ಲಿ ಮಾಡಿ. ಫೋನಿನ ಜಿಪಿಎಸ್ ಎತ್ತರ ಸಣ್ಣ ಏರುಗಳಲ್ಲಿ ನಂಬುವಂಥದ್ದಲ್ಲ.

ಅತಿ ಕಡಿದಾದ ಏರು ಶೇ. 4ರ ಒಳಗಿದ್ದರೆ 46/17 ನಡೆಯುತ್ತದೆ. 4ರಿಂದ 7ರವರೆಗೆ 44/18. ಏರು 7 ದಾಟಿ 200 ಮೀಟರಿಗಿಂತ ಉದ್ದವಿದ್ದರೆ, ಇಲ್ಲವೇ ದಿನಾ ಲ್ಯಾಪ್‌ಟಾಪು, ಊಟದ ಡಬ್ಬಿ ಹೊರುವವರಾದರೆ 42/18 ಅಥವಾ 42/20. ಏರಿನ ಬುಡದಲ್ಲಿ ಸಿಗ್ನಲ್ ಇದ್ದರೆ ಹಿಂದೆ ಒಂದು ಹಲ್ಲು ಹೆಚ್ಚಿಸಿ. ಮಂಡಿ ನೋವಿನ ಹಳೇ ಕಾಯಿಲೆ ಇದ್ದವರಿಗೆ ಗೇರ್ ಇರುವ ಸೈಕಲ್ಲೇ ಸರಿ.

ಬದಲಿಸಲು ಸುಲಭವಾದದ್ದು ಹಿಂದಿನ ಹಲ್ಲು. ಒಂದು ಹಲ್ಲು ಹೆಚ್ಚಿಸಿದರೆ ಆ್ಯಕ್ಸಲ್ ಸುಮಾರು 3 ಮಿಲಿಮೀಟರ್ ಮುಂದೆ ಸರಿಯುತ್ತದೆ. ಫ್ರೇಮಿನ ಕಂಡಿಯಲ್ಲಿ ಅಷ್ಟು ಜಾಗ ಇದ್ದರೆ ಚೈನ್ ಮುಟ್ಟಬೇಕಿಲ್ಲ. 16ರಿಂದ 18ಕ್ಕೆ ಹೋಗುವುದು ಹೆಚ್ಚಿನ ಸೈಕಲ್‌ಗಳಲ್ಲಿ ಹೀಗೇ ಆಗುತ್ತದೆ. ಬ್ರೇಕ್ ಶೂ ಮತ್ತೆ ರಿಮ್‌ಗೆ ಹೊಂದಿಸಲು ಮರೆಯಬೇಡಿ, ಚಕ್ರ ಸರಿದಿರುತ್ತದೆ. ಚೈನ್ ನಡುಭಾಗದಲ್ಲಿ ಬೆರಳಿನಿಂದ ಮೇಲೆ-ಕೆಳಗೆ ಆಡಿಸಿದರೆ ಒಟ್ಟು 10ರಿಂದ 12 ಮಿಲಿಮೀಟರ್ ಆಡಬೇಕು. ಚೈನ್‌ವೀಲ್ ಪೂರ್ತಿ ದುಂಡಗೆ ಇರುವುದು ಅಪರೂಪ, ಆದ್ದರಿಂದ ಕ್ರ್ಯಾಂಕ್ ನಿಧಾನ ತಿರುಗಿಸಿ, ಚೈನ್ ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಿರಿ. ಹೆಚ್ಚು ಬಿಗಿ ಮಾಡಿದರೆ ಹಬ್‌ನ ಗುಂಡುಗಳು ಹಾಳಾಗುತ್ತವೆ. ಹೆಚ್ಚು ಸಡಿಲ ಬಿಟ್ಟರೆ ಚೈನ್ ಕಳಚುತ್ತದೆ, ಫಿಕ್ಸೆಡ್‌ನಲ್ಲಿ ಹಾಗೆ ಕಳಚಿದ ಚೈನ್ ಹಿಂದಿನ ಚಕ್ರವನ್ನು ಒಮ್ಮೆಗೇ ಲಾಕ್ ಮಾಡಬಲ್ಲದು.

ಫಿಕ್ಸೆಡ್ ಹಬ್‌ನಲ್ಲಿ ಎರಡು ಮರೆಗಳಿರುತ್ತವೆ (ತಿರುಗಿಸಿ ಬಿಗಿಯುವ ಥ್ರೆಡ್‌ಗಳು). ಹಲ್ಲುಚಕ್ರ ಬಲಕ್ಕೆ ತಿರುಗಿ ಬಿಗಿಯಾಗುತ್ತದೆ, ಅದರ ಮೇಲೆ ಬರುವ ಲಾಕ್‌ರಿಂಗ್ ಎಡಕ್ಕೆ. ಇಳಿಜಾರಿನಲ್ಲಿ ಕಾಲಿನಿಂದ ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ, ಆಗ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ಮಾಮೂಲಿ ಫ್ರೀವೀಲ್ ಹಬ್‌ಗೆ ಹಲ್ಲುಚಕ್ರ ಕೂರಿಸಿ, ಒಂದೇ ಮರೆಯಲ್ಲಿ ಎರಡನ್ನೂ ಬಿಗಿದು ಕೊಡುವವರಿದ್ದಾರೆ. ಅದನ್ನು ತಗೊಳ್ಳಬೇಡಿ, ಇಳಿಜಾರಿನ ನಡುವೆ ಬಿಚ್ಚಿಕೊಳ್ಳುತ್ತದೆ. ಹಲ್ಲುಚಕ್ರ ಬದಲಿಸಿದ ಮೇಲೆ ಸಣ್ಣ ಏರೊಂದನ್ನು ಎದ್ದು ನಿಂತು ಹತ್ತಿ ಬನ್ನಿ. ಆ ಒತ್ತಡಕ್ಕೆ ಹಲ್ಲುಚಕ್ರ ಇನ್ನೂ ಸ್ವಲ್ಪ ಒಳಗೆ ಕೂರುತ್ತದೆ, ಲಾಕ್‌ರಿಂಗ್ ಸಡಿಲವಾಗಿರುತ್ತದೆ. ಅದನ್ನು ಇನ್ನೊಮ್ಮೆ ಬಿಗಿದ ಮೇಲೆಯೇ ಇಳಿಜಾರಿಗೆ ಹೋಗಿ.